ತೊಲೆಯಾದ ರೈಲುಕಂಬಿ

ಸುಕನ್ಯಾ ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದು ನಿಂತಳು. ಅವಳನ್ನು ನೋಡಲಿಕ್ಕೆಂದೇ ಹಗರಿಬೊಮ್ಮನಹಳ್ಳಿಯಿಂದ ಬಂದ ಹಂಪೇಶ ಮಾತ್ರ ಕತ್ತು ಮೇಲೆತ್ತಿ ಮಾಳಿಗೆ ನೋಡುತ್ತ ಕೂತಿದ್ದ. ಪಕ್ಕದಲ್ಲಿದ್ದ ಅವನ ತಾಯಿ ದಾಕ್ಷಾಯಣಮ್ಮ ಯಾರಿಗೂ ಕಾಣದಂತೆ ಮಗನ ತೊಡೆ ಚಿವುಟಿದಳು. ಊಹೂಂ, ಆಸಾಮಿ ಅಲುಗಲಿಲ್ಲ. ಹುಡುಗಿಯ ಅಪ್ಪ ಮರುಳಪ್ಪನಿಗೆ ಒಳಗೊಳಗೇ ಇರುಸುಮುರುಸು. ಹೊಗೆ ಹಿಡಿದ ಮಾಳಿಗೆಗೆ ಸುಣ್ಣ ಹೊಡೆಸಿ ಅಂತ ಹೆಂಡತಿ ಬಡಕೊಂಡಿದ್ದಳು, ಇವನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಹಳೇ ಮನಿ ನೋಡ್ರಿ," ಅಂದ ಮರುಳಪ್ಪ. "ಕೊಟ್ಟೂರಿಗೆ ದೊಡ್ಡ ಹಳಿ ಹಾಕಿದಾಗ ಸಣ್ಣ ಹಳಿ ಕಂಬಿ ಹರಾಜಿಗೆ ಬಂದಿದ್ವು. ನಮ್ಮಪ್ಪ ತಂದು ತೊಲಿ ಮಾಡಿಸಿದ. ಆನಿ ಹತ್ತಿ ನಿಂತ್ರೂ ಏನೂ ಆಗಂಗಿಲ್ಲ."

ಹಂಪೇಶ ಕಾಲೇಜೊಂದರಲ್ಲಿ ಮೇಷ್ಟ್ರು. ರೈಲುಕಂಬಿಯಲ್ಲಿ ಬಿರುಕು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಡಾಕ್ಟರ್ ಅನ್ನಿಸಿಕೊಂಡವನು. ಬಿರುಕು ಕಂಡರೆ ಮುಗೀತು, ಲೋಕ ಬೇಡ ಅವನಿಗೆ. ಈಗ ಕಂಡಿತ್ತು. ತೊಲೆಯ ಒಂದು ತುದಿಯಲ್ಲಿ, ಹಿಂದೆ ಬೋಲ್ಟು ಹಾಕುತ್ತಿದ್ದ ತೂತಿನಿಂದ ಕೂದಲೆಳೆಯಂಥ ಗೆರೆಯೊಂದು ಓಡಿತ್ತು. ಅದರ ಸರಿಯಾಗಿ ಕೆಳಗೆ ಅವನ ಅವ್ವ ಕೂತಿದ್ದಳು.

"ಏಳವ್ವ! ಎಲ್ಲರೂ ಏಳ್ರಿ, ಹೊರಗ ನಡೀರಿ! ತೊಲಿ ಸೀಳೇತಿ!"

ಕೂಗಿದ ರಭಸಕ್ಕೆ ಉಪ್ಪಿಟ್ಟು ನೆಲದ ಪಾಲಾಯಿತು. ಬೀಗರಾಗಬೇಕಾದವರು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಬಂದರು. ಎದುರು ಮನೆಯ ಅಂಜಿನಕ್ಕ ಹೊಸ್ತಿಲ ಮೇಲೇ ಇದ್ದಳು, ಅವಳಿಗೇನು ಕರೆಯೋಲೆ ಬೇಕೆ? "ಅಯ್ಯ ಶಿವನೇ! ಹೆಣ್ಣು ನೋಡಾಕ ಬಂದವ್ರು ಮನಿ ಕೆಡವಾಕ ನಿಂತ್ರಲ್ಲವ್ವ!" ಅಂದಳು. ಮರುಳಪ್ಪ ತಲೆ ತಗ್ಗಿಸಿದ. ಹೊತ್ತು ಮುಳುಗುವುದರೊಳಗೆ ಊರೆಲ್ಲ ಸುದ್ದಿಯಾಗುತ್ತದೆ, ಮರುಳಪ್ಪನ ಮನೆ ಬೀಳೋ ಮನೆ ಅಂತ. ಮೊದಲೇ ಮಗಳಿಗೆ ಸಂಬಂಧ ಕೂಡಿ ಬರುತ್ತಿಲ್ಲ, ಇನ್ನು ಈ ಮನೆಯ ಮೆಟ್ಟಿಲು ಯಾರು ಹತ್ತುತ್ತಾರೆ?

ಗಾಬರಿಯಾಗದವಳು ಸುಕನ್ಯಾ ಒಬ್ಬಳೇ. ಸೀರೆಗೆ ಮೆತ್ತಿದ ಉಪ್ಪಿಟ್ಟು ಕೊಡವುತ್ತ ಕೇಳಿದಳು, "ಕಬ್ಬಿಣ ಹೆಂಗ ಬಿರುಕು ಬಿಡ್ತೈತ್ರಿ?"

ಹಂಪೇಶನಿಗೆ ಅಷ್ಟೇ ಸಾಕು, ನಡುಬೀದಿಯಲ್ಲೇ ಪಾಠ ಶುರುವಾಯಿತು. "ಒಂದು ಸಲ ಭಾರ ಬಿದ್ರ ಕಂಬಿಗೆ ಏನೂ ಆಗಂಗಿಲ್ರಿ. ಅದು ತಡಕೊಳ್ಳೋ ಭಾರನ ಮ್ಯಾಲಿಂದ ಮ್ಯಾಲೆ ಬೀಳಾಕ ಹತ್ತಿದ್ರ ದಣೀತೈತಿ. ಮೊದ್ಲು ಒಳಗ ಎಲ್ಲೋ ಸೀಳ್ತೈತಿ. ಹೊರಗ ಏನೂ ಕಾಣಂಗಿಲ್ಲ, ಥಳಥಳ ಹೊಳೀತಿರ್ತೈತಿ. ಒಂದೊಂದು ಗಾಲಿ ಹಾದಾಗೂ ಬಿರುಕು ಚೂರು ಚೂರು ಬೆಳೀತೈತಿ. ಕಡೀಗೆ ಒಂದಿನ, ದಿನಾ ಬರೋ ಗಾಡಿಗೇ ಪಟ್ಟಂತ ಮುರೀತೈತಿ."

"ಹೌದೇನ್ರಿ?" ಅಂದಳು ಸುಕನ್ಯಾ. "ನಮ್ಮ ಮಾಳಿಗಿ ಮ್ಯಾಲೆ ಯಾವ ಗಾಡಿ ಓಡ್ತೈತ್ರಿ?"

ಹಂಪೇಶ ಹಣೆ ಬಡಿದುಕೊಂಡ. ಥೂ! ಅವನದೇ ಪಾಠ, ಅವನಿಗೇ ಮರೆತಿತ್ತು. ಗಾಲಿ ಹಾಯದ ಕಂಬಿಯಲ್ಲಿ ಬಿರುಕು ಬೆಳೆಯುವುದೆಲ್ಲಿಂದ ಬಂತು? ಅದು ಹರಾಜಿಗೆ ಬಂದ ದಿನ ಎಷ್ಟಿತ್ತೋ ಅಷ್ಟೇ ಇದೆ. "ಇಲ್ರಿ... ಬೀಳಂಗಿಲ್ಲ. ಒಳಗ ಹೋಗಬಹುದು," ಅಂದ, ತನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ. ಅಂಜಿನಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮತ್ತೆ ಒಳಗೆ ಹೋಗಿ ಕೂತದ್ದಾಯಿತು, ಆರಿದ ಚಹಾ ಕುಡಿದದ್ದೂ ಆಯಿತು. ದಾಕ್ಷಾಯಣಮ್ಮ ಏಳುತ್ತ, "ಊರಿಗೆ ಹೋಗಿ ತಿಳಿಸ್ತೀವ್ರಿ" ಅಂದು ಮರುಳಪ್ಪನ ಜೊತೆ ಅಂಗಳಕ್ಕೆ ಇಳಿದಳು. ಹಂಪೇಶ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಾಗ ಸುಕನ್ಯಾ ಹತ್ತಿರ ಬಂದು ನಿಂತಳು.

"ಬ್ಯಾಡ ಅನ್ನೋದಿದ್ರ ಇಲ್ಲೇ ಹೇಳಿ ಹೋಗ್ರಿ. ಅಷ್ಟು ತಡಕೊಳ್ತೀನಿ. ತಿಳಿಸ್ತೀವಿ ಅಂತ ಮಾತ್ರ ಅನಬ್ಯಾಡ್ರಿ. ಅಪ್ಪ ಫೋನು ಕೈಯಾಗ ಹಿಡಕೊಂಡು ಕುಂದ್ರುತಾನ. ಮತ್ತ ಯಾರೋ ಬರ್ತಾರ, ಮತ್ತ ನಾನು ತಟ್ಟಿ ಹಿಡಕೊಂಡು ಬರ್ತೀನಿ. ಹೊರಗ ಏನೂ ಕಾಣಂಗಿಲ್ರಿ. ನಗತಿರ್ತೀನಿ."

ಹಂಪೇಶ ಆಗ ಅವಳ ಮುಖ ನೋಡಿದ, ಮೊದಲ ಸಲ. ಅವನಿಗೆ ಈ ವರ್ಷ ಮದುವೆಯೇ ಬೇಡವಾಗಿತ್ತು. ಬರೀ ಅವ್ವನ ಸಮಾಧಾನಕ್ಕೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಮನೆ ಮನೆ ತಿರುಗಿ ಉಪ್ಪಿಟ್ಟು ತಿಂದಿದ್ದ. ಎಲ್ಲ ಕಡೆ ತಿಳಿಸ್ತೀವಿ ಅಂದು ಬಂದಿದ್ದರು, ಒಂದು ಮನೆಗೂ ಫೋನು ಹೋಗಿರಲಿಲ್ಲ. ಆ ಹುಡುಗಿಯರ ಮುಖ ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ನೆನಪಾಗಲಿಲ್ಲ. ಎಂಥಾ ಮನುಷ್ಯ ನಾನು, ಅನ್ನಿಸಿತು. ಈಕೆಗಾದರೂ ನಿಜ ಹೇಳಬೇಕು, ಕೈಮುಗಿದಾದರೂ ಹೇಳಬೇಕು.

"ಏನಪ್ಪ, ಬಸ್ಸು ತಪ್ತೈತಿ," ಅಂತ ಅವ್ವ ಅಂಗಳದಿಂದ ಕೂಗಿದಳು.

ಹೇಳಬೇಕೆಂದೇ ಬಾಯಿ ತೆರೆದ.

"ಊರಿಗೆ ಹೋಗಿ... ತಿಳಿಸ್ತೀನ್ರಿ."

"ಆಗಲ್ರಿ," ಅಂದಳು ಸುಕನ್ಯಾ, ನಗುತ್ತ.