ಕರೆದರೂ ತಿರುಗದ ಕೂಸು

“ನನ್ನ ಅಂಗಡ್ಯಾಗ ‘ಲೇ ಹಮಾಲ’ ಅಂತ ಕರಿಸ್ಕೊಂಡು ಚೀಲ ಹೊತ್ತಂವನ ಹೆಸರು ನನ್ನ ಮೊಮ್ಮಗಗ ಇಡತೀಯೇನಲೇ? ನಾಚಿಕಿ ಇಲ್ಲ ನಿನಗ?”

ಹೆಸರಿಡುವ ದಿನ ನೆಂಟರೆಲ್ಲರ ಎದುರಿಗೆ ಮಾವ ಅಳಿಯನ ಮೇಲೆ ಹರಿಹಾಯ್ದ. ಅಳಿಯನ ಸತ್ತ ಅಪ್ಪನ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳಲು ತೊಟ್ಟಿಲಿಗೆ ಬಗ್ಗಿದ್ದ ಸೋದರತ್ತೆಯನ್ನು, ಅವಳು ಬಾಯಿ ತೆರೆಯುವ ಮೊದಲೇ ಪಕ್ಕಕ್ಕೆ ಸರಿಸಿ, ತಾನೇ “ರಾಜವರ್ಧನ” ಎಂದು ಕೂಗಿದ. ಬಾಣಂತನ ಮುಗಿದ ಮೇಲೆ ಅಳಿಯ ಹೆಂಡತಿಯನ್ನೂ ಕೂಸನ್ನೂ ತನ್ನ ಮನೆಗೆ ಕರೆದೊಯ್ದ.

ಮೊದಲ ಹುಟ್ಟುಹಬ್ಬಕ್ಕೆ ಮತ್ತೆ ಮಾವನ ಮನೆಯಲ್ಲೇ ಎಲ್ಲರೂ ಸೇರಿದರು. ಕೂಸು ಬೆನ್ನು ಮಾಡಿ ಕೂತು ಬಲೂನಿನ ಜೊತೆ ಆಡುತ್ತಿತ್ತು.

“ರಾಜವರ್ಧನಾ! ಏ ರಾಜಾ!”

ಮಾವ ಎಷ್ಟು ಕರೆದರೂ ಅದು ತಿರುಗಲಿಲ್ಲ.

“ವರ್ಷದ ಕೂಸು ಹೆಸರು ಹಿಡದು ಕರದ್ರ ತಿರಗಬೇಕವಾ. ಕಿವಿ ಕೇಳಂಗಿಲ್ಲೇನ ಇದಕ್ಕ?” ಎಂದಳೊಬ್ಬ ಮುದುಕಿ. ಮಾವನ ಮುಖ ಬಿಳಚಿತು.

“ಕಿವಿ ಛಲೋ ಅದಾವ್ರಿ ಮಾವಾರ,” ಎಂದ ಅಳಿಯ. “ಮನ್ಯಾಗ ನಾವು ನಮ್ಮಪ್ಪನ ಹೆಸರಿಲೇ ಕರಿತೀವಿ. ನೀವೂ ಹಂಗ ಕರೀರಿ, ನಿಮ್ಮ ತೊಡಿ ಮ್ಯಾಲ ಬಂದು ಕೂಡ್ತಾನ. ಗಟ್ಟಿಯಾಗಿ ಕರೀರಿ, ಮಂದಿಗೆಲ್ಲ ಕೇಳ್ಲಿ.”

ಮಾವ ಮಗಳ ಕಡೆ ನೋಡಿದ. ಅವಳು ಮುಖ ತಿರುಗಿಸಿದಳು. ಕೊನೆಗೆ ಅಳಿಯನ ಹತ್ತಿರ ಬಂದು ದನಿ ಇಳಿಸಿದ.

“ನಿಮ್ಮಪ್ಪನ ಹೆಸರು ಏನಿತ್ತಪಾ?”

ಅಳಿಯ ಕೂಸನ್ನು ಹೆಗಲಿಗೇರಿಸಿಕೊಂಡು, ಉತ್ತರ ಕೊಡದೆ ಹೊರಗೆ ನಡೆದ.