ಸೀಸದ ಗುಂಡು

ನಾಲ್ಕು ವರ್ಷದ ಮಗಳ ರಕ್ತದಲ್ಲಿ ಸೀಸ ಸೇರಿದೆ ಎಂದು ಡಾಕ್ಟರು ಹೇಳಿದಾಗ ಕೌಸಲ್ಯ ಅವಳನ್ನು ಮಡಿಲಿಗೆ ಎಳೆದುಕೊಂಡಳು.

"ಮನೇಲಿ ಬ್ಯಾಟರಿ ಕೆಲಸ, ಹಳೇ ಬಣ್ಣ ಕೆರೆಯೋದು, ಏನಾದ್ರೂ ಇದೆಯೇನಮ್ಮ?"

"ಇಲ್ಲ ಡಾಕ್ಟ್ರೇ."

"ಮತ್ತೆಲ್ಲಿಂದ ಬಂತು? ಮುಚ್ಚಿಡಬೇಡಿ. ಹೀಗೇ ಹೊಟ್ಟೆಗೆ ಹೋಗ್ತಿದ್ರೆ ಮಗು ಮಿದುಳಿಗೇ ಪೆಟ್ಟು."

ಹೇಳಿದರೆ ಗಂಡ ಜೈಲು ಸೇರುತ್ತಾನೆ. ಹೇಳದಿದ್ದರೆ ಮಗಳು ಕೈತಪ್ಪಿ ಹೋಗುತ್ತಾಳೆ. ಕೌಸಲ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಮ್ಮೋರು ಕಾಡಲ್ಲಿ ಜಿಂಕೆ ಹೊಡೀತಾರೆ. ಸೀಸ ಇಲ್ಲದ ತಾಮ್ರದ ಗುಂಡೂ ಬರ್ತವಂತೆ. ಇವರು ಮಾತ್ರ ಗುರಿ ತಪ್ಪಲ್ಲ ಅಂತ ಸೀಸದ್ದನ್ನೇ ತರ್ತಾರೆ. ಮಾಂಸದಲ್ಲಿ ಚೂರು ಸಿಕ್ಕರೆ ನಾನೇ ಆರಿಸಿ ಎಸೀತೀನಿ."

"ಕಣ್ಣಿಗೆ ಕಾಣೋದನ್ನ ಎಸೀತೀರಿ. ಪುಡಿಯಾಗಿ ಬೆರೆತಿರೋದನ್ನ?"

ಕೌಸಲ್ಯ ಕೈಮುಗಿದಳು. "ದಮ್ಮಯ್ಯ, ಪೊಲೀಸಿಗೆ ಹೇಳಬೇಡಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ನೀವು ಸೋಮೇಗೌಡರ ಮನೆಯವರಾ?"

"ಹೌದು," ಎಂದಳು.

ಅವರು ಫೋನು ಎತ್ತಿಕೊಂಡರು. ಇನ್ನು ಮುಗಿಯಿತು ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

"ಗಿರಿಜಾ, ಸೋಮೇಗೌಡರು ಕಳಿಸಿದ್ದ ಮಾಂಸಾನ ನಮ್ಮ ಪಾಪುಗೂ ತಿನ್ನಿಸಿದ್ಯಾ?"