ಎಡದಿಂದ ಬಲಕ್ಕೆ

ಶಾಲೆಯ ಸುದ್ದಿ ಹೇಳುತ್ತಲೇ ಮಗಳು ಅಮ್ಮನ ಎದುರು ಎಡದಿಂದ ಒಂದೊಂದೇ ಹೆಜ್ಜೆ ಬಲಕ್ಕೆ ಸರಿಯುತ್ತಿದ್ದಳು. ಗೋಡೆ ತಾಗಿದ ಕೂಡಲೇ ಓಡಿಬಂದು ಎಡತುದಿಯಿಂದ ಮತ್ತೆ ಶುರು.

"ಒಂದು ಕಡೆ ನಿಂತ್ಕೊಂಡು ಹೇಳೇ, ತಲೆ ಸುತ್ತುತ್ತೆ," ಎಂದಳು ಕುರ್ಚಿಯಲ್ಲಿ ಕೂತ ಅಮ್ಮ. ತಂಪು ಪಾನೀಯದ ಕಾರ್ಖಾನೆಯಲ್ಲಿ ಅವಳದು ಬಾಟಲಿ ನೋಡುವ ಕೆಲಸ. ಬೆಲ್ಟಿನ ಮೇಲೆ ಎಡದಿಂದ ಬಲಕ್ಕೆ ಸಾಗುವ ಬಾಟಲಿಗಳಲ್ಲಿ ಬಿರುಕು ಕಂಡದ್ದನ್ನು ಎತ್ತಿಡಬೇಕು. ಈ ತಿಂಗಳಲ್ಲಿ ಸಿಕ್ಕ ಮೊದಲ ರಜೆ ಇವತ್ತಿನದು.

"ನಿಂತ್ರೆ ನಿನ್ನ ಕಣ್ಣು ನನ್ನ ಬಿಟ್ಟು ಮುಂದೆ ಹೋಗ್ಬಿಡುತ್ತಮ್ಮ," ಎಂದಳು ಮಗಳು. "ಹಿಂಗೆ ನಡೀತಾ ಇದ್ರೆ ನನ್ನನ್ನೇ ನೋಡ್ತೀಯ."

ಮಗಳು ಮತ್ತೆ ಎಡದಿಂದ ಹೊರಟು ಎದುರಿಗೆ ಬಂದಾಗ ಅಮ್ಮ ಎರಡೂ ಕೈ ಚಾಚಿ, ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಆಮೇಲೆ ಕಣ್ಣು ಮುಚ್ಚಿಕೊಂಡು, "ಈಗ ಹೇಳು," ಎಂದಳು.